ಮಂಗಳೂರಿನ ಗುಡ್ಡಗಳೂ ಕಡಲ ತಡಿಯೂ

ಮಂಗಳೂರಿಗೆ ಬರುವ ಸಂಸಾರವಂದಿಗರು ಬಂಡಿಯಿಂದಿಳಿದೊಡನೆ ಕೇಳುವುದು ಸಮುದ್ರದ ದಾರಿಯನ್ನು. ಘಟ್ಟದ ಮೇಲಣ ಮಕ್ಕಳಿಗೆ ಕಡಲೆಂದರೆ ಆತುರ, ಅದು ಸಹಜವೇ. ಆದರೂ ಈ ಊರನ್ನು ಮೊದಲು ಗುಡ್ಡದ ಮೇಲಿಂದ ನೋಡಿ, ಕಡೆಗೆ ಕಡಲಿಗಿಳಿಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕಡಲ ತಡಿಯ ಊರೆನಿಸಿದರೂ ಮಂಗಳೂರು ಬೆಳೆದಿರುವುದು ಮುರಕಲ್ಲಿನ ದಿಣ್ಣೆಗಳ ಮೇಲೆ.

ಊರ ನಡುವಣ ದಿಣ್ಣೆಯೇ ಬಾವುಟಗುಡ್ಡೆ. 1837ರಲ್ಲಿ ಕಂಪೆನಿ ಸರಕಾರದ ಮೇಲೆ ದಂಗೆಯೆದ್ದ ಅಮರಸುಳ್ಯದ ರೈತರು ಮಂಗಳೂರನ್ನು ಹಿಡಿದು, ಇಲ್ಲಿ ತಮ್ಮ ಬಾವುಟವನ್ನು ಹಾರಿಸಿದರೆಂದು ಹೇಳುವರು. ಇಲ್ಲಿ ಠಾಕೂರರ ಹೆಸರಿನ ಉದ್ಯಾನವೊಂದುಂಟು. ಅದು ಚಿಕ್ಕದು, ಆದರೆ ಪಡುವಣಕ್ಕೆ ಕಣ್ಣು ಹಾಯಿಸಿದರೆ ತೆಂಗುಗಳ ಆಚೆ ಕಡಲು ತೋರುವುದು. ಮುಗಿಲೆತ್ತರದ ಹೊಸ ಕಟ್ಟಡಗಳು ಈ ನೋಟವನ್ನು ಮರೆಮಾಡುತ್ತಿರುವುದು ವ್ಯಸನಕರ.

ಅಲ್ಲಿಂದ ಕೂಗಳತೆಯಲ್ಲಿದೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ. ಇಟಲಿಯ ಆಂತೋನಿಯೋ ಮೊಸ್ಕೇನಿ ಎಂಬ ಜೆಸ್ವಿತ ಸಂನ್ಯಾಸಿಯು 1899ರಲ್ಲಿ ತೊಡಗಿ ಇದರ ಗೋಡೆಗಳನ್ನು ಚಿತ್ರಗಳಿಂದ ತುಂಬಿದನು. ಹಸಿ ಗಾರೆಯ ಮೇಲೆ ಬಣ್ಣವಿಡುವ ಕೆಲಸವದು. ಗಾರೆ ಒಣಗುವುದರೊಳಗೆ ಅಂದಂದಿನ ಪಾಲು ಮುಗಿಯಬೇಕು. ಆ ಬಳಿಕ ಬಣ್ಣವು ಸುಣ್ಣದಲ್ಲಿಯೇ ಬೆರೆತು ಕಲ್ಲಾಗುವುದರಿಂದ ತಿದ್ದುವುದು ಕಷ್ಟ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇಂಥ ಗೋಡೆಗಳನ್ನು ಕಾಪಾಡುವುದೆಂದರೆ ಆಟದ ಮಾತಲ್ಲ. ಮಕ್ಕಳು ಗೋಡೆಯನ್ನು ಮುಟ್ಟದಂತೆ ಹಿರಿಯರು ನೋಡಿಕೊಳ್ಳಬೇಕು.

ಚಿತ್ರಗಳಿಗೆ ಹಗೆಯಾದ ಅದೇ ಮಳೆಯು ಕದ್ರಿಯಲ್ಲಿ ತೀರ್ಥವಾಗಿದೆ. ಮುರಕಲ್ಲಿನ ರಂಧ್ರಗಳಲ್ಲಿ ಇಂಗಿದ ನೀರು ಮಂಜುನಾಥ ದೇವಾಲಯದ ಹಿಂದಣ ಗುಡ್ಡದಲ್ಲಿ ಒರತೆಯಾಗಿ ಹೊರಟು ಕೆರೆಗಳನ್ನು ತುಂಬುವುದು. ದೇವಾಲಯದೊಳಗೆ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವುಂಟು. ಆಳುಪ ದೊರೆ ಕುಂದವರ್ಮನ ಕಾಲದ್ದೆಂದು ಅದರ ಪೀಠದ ಶಾಸನವೇ ಸಾರುವುದು, ಕ್ರಿ.ಶ. 968ರದು. ಬೌದ್ಧ ಲಕ್ಷಣದ ಮೂರ್ತಿಯೊಂದು ಶಿವಾಲಯದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಈ ಸೋಜಿಗವನ್ನು ಬಹುಮಂದಿ ಗಮನಿಸದೆ, ಮಂಗಳಾರತಿಯಾದೊಡನೆ ಹಿಂದಿರುಗುವರು. ನಾಲ್ಕು ನಿಮಿಷ ನಿಂತು ನೋಡತಕ್ಕುದು.

ಮಕ್ಕಳಿಗಾಗಿ ಒಂದು ಹೊತ್ತು ಮೀಸಲಿಡುವುದಾದರೆ ವಾಮಂಜೂರಿನ ಆಚೆಯ ಪಿಲಿಕುಳವಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಮೃಗಾಲಯ, ಕೆರೆ, ಪಶ್ಚಿಮಘಟ್ಟದ ಮರಗಳ ತೋಟ, 2018ರಲ್ಲಿ ತೆರೆದ ತಾರಾಲಯ ಇವೆಲ್ಲ ಒಂದೆಡೆಯಲ್ಲಿರುವುವು. ನಡೆಯುವುದು ಹೆಚ್ಚು, ವೃದ್ಧರಿಗೆ ತಕ್ಕುದಲ್ಲ.

ಇನ್ನು ಕಡಲು. ಪಣಂಬೂರಿನ ಮರಳು ವಿಶಾಲವಾದುದು, ಸಂಜೆ ಮನೋಹರ. ಆದರೆ ಜೂನಿನಿಂದ ಸೆಪ್ಟೆಂಬರಿನ ವರೆಗೆ ನೀರಿಗಿಳಿಯಲೇ ಕೂಡದು. ಹಿಂದಕ್ಕೆ ಸರಿಯುವ ತೆರೆಯು ಮೊಣಕಾಲುದ್ದದಲ್ಲಿ ನಿಂತವರ ಅಡಿಯ ಮರಳನ್ನೂ ಸೆಳೆದೊಯ್ಯುವುದು. ಈಜು ಬಲ್ಲವರೂ ಹೀಗೆ ಹೋದುದುಂಟು. ಕಾವಲುಗಾರನು ಸೀಟಿ ಊದಿದರೆ ಅವನೊಡನೆ ವಾದಕ್ಕಿಳಿಯುವ ತಂದೆಯರನ್ನು ನಾವು ಕಂಡಿದ್ದೇವೆ! ಮಳೆಗಾಲದಲ್ಲಿ ನೀರಿನ ಸೊಬಗು ಬೇಕೆನ್ನುವವರು ಬೋಳೂರಿನ ಸುಲ್ತಾನ್ ಬತೇರಿಗೆ ಹೋಗಲಿ. ಗುರುಪುರ ಹೊಳೆಗೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪುಸುಲ್ತಾನನು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬುರುಜು ಅದು. ಮೆಟ್ಟಲುಗಳು ಮಳೆಯಲ್ಲಿ ಜಾರುವುವು; ಮೇಲೇರಿ ನಿಂತರೆ ಕೆಂಪೇರಿದ ಹೊಳೆಯೂ ಅದರಾಚೆ ತಣ್ಣೀರುಬಾವಿಯ ಮರಳಿನ ಪಟ್ಟಿಯೂ ಕಾಣುವುವು.