ಎಂಡೋಮೆಟ್ರಿಯೋಸಿಸ್ ಬೇನೆಯೂ ಎರೆನಾಡಿನ ಊಟವೂ

ಮುಟ್ಟಿನ ದಿನಗಳಲ್ಲಿ ಕಿಬ್ಬೊಟ್ಟೆ ನೋಯುವುದು ಹೆಂಗಸರ ಪಾಲಿಗೆ ಸಾಮಾನ್ಯವಾದ ಸಂಗತಿಯೆಂದು ನಮ್ಮ ಜನ ಬಹುಕಾಲದಿಂದ ಭಾವಿಸುತ್ತ ಬಂದಿದ್ದಾರೆ. ಈ ಭಾವನೆಯಲ್ಲಿ ಅರ್ಧ ಸತ್ಯವಿದೆ. ಮೊದಲ ಒಂದೆರಡು ದಿನ ಅಷ್ಟಿಷ್ಟು ನೋವು ಕಾಣಿಸಿಕೊಂಡು, ಬಿಸಿನೀರಿನ ಕಾವಿಗೋ ಒಂದು ಗುಳಿಗೆಗೋ ಇಳಿದುಹೋಗುವುದು ಅನೇಕರ ಅನುಭವ. ಆದರೆ ಕಾಲೇಜಿಗೆ ಹೋಗಲಾರದಂತೆ, ಹೊಲದ ಕೆಲಸಕ್ಕೆ ಏಳಲಾರದಂತೆ, ತಿಂಗಳು ತಿಂಗಳೂ ಹಾಸಿಗೆ ಹಿಡಿಸುವ ಬೇನೆಯನ್ನು ಸಾಮಾನ್ಯವೆಂದು ತಳ್ಳಿಹಾಕುವಂತಿಲ್ಲ. “ಲಗ್ನವಾದರೆ ಸರಿಹೋದೀತು, ಒಂದು ಕೂಸಾದರೆ ನಿಂತೀತು” ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ಅಂಥ ಬೇನೆಯ ಹಿಂದೆ ಎಷ್ಟೋ ವೇಳೆ ಎಂಡೋಮೆಟ್ರಿಯೋಸಿಸ್ ಎಂಬ ವ್ಯಾಧಿ ಅಡಗಿರುತ್ತದೆ. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಎಂದರೆ ಸುಮಾರು 19 ಕೋಟಿ ಜನರಿಗೆ, ಈ ವ್ಯಾಧಿ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಈ ಬೇನೆಯನ್ನು ಆಹಾರದಿಂದಲೂ ಜೀವನಕ್ರಮದಿಂದಲೂ ಎಷ್ಟರ ಮಟ್ಟಿಗೆ ಹಗುರಗೊಳಿಸಬಹುದೆಂಬುದು ಈ ಲೇಖನದ ವಿಷಯ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಊಟವನ್ನೇ ಉದಾಹರಣೆಯಾಗಿ ಮುಂದಿಟ್ಟುಕೊಂಡು ನಾವು ಇದನ್ನು ವಿಚಾರಿಸೋಣ. ದೂರದ ದೇಶಗಳ ಆಹಾರಪಟ್ಟಿಗಳನ್ನು ಓದಿ, ಇಲ್ಲಿ ದೊರೆಯದ ಹಣ್ಣು ಮೀನುಗಳನ್ನು ಹುಡುಕುವುದಕ್ಕಿಂತ, ನಮ್ಮ ತಟ್ಟೆಯಲ್ಲಿ ಈಗಾಗಲೇ ಇರುವುದೇನೆಂದು ತಿಳಿಯುವುದು ಹೆಚ್ಚು ಪ್ರಯೋಜನಕರ.

ವ್ಯಾಧಿಯ ಸ್ವರೂಪ

ಗರ್ಭಾಶಯದ ಒಳಗೋಡೆಗೆ ಮೃದುವಾದ ಒಂದು ಪೊರೆಯಿದೆ. ಅಂಡಾಶಯಗಳು ಸ್ರವಿಸುವ ಈಸ್ಟ್ರೊಜನ್ ಹಾರ್ಮೋನಿನ ಪ್ರಭಾವದಿಂದ ಅದು ಪ್ರತಿ ತಿಂಗಳೂ ದಪ್ಪವಾಗಿ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು. ಈ ಪೊರೆಯನ್ನು ಹೋಲುವ ಅಂಗಾಂಶ ಗರ್ಭಾಶಯದ ಹೊರಗೆ, ಅಂಡಾಶಯದ ಮೇಲೆ, ಕರುಳು ಮೂತ್ರಕೋಶಗಳ ಮೇಲೆ, ಕಿಬ್ಬೊಟ್ಟೆಯ ಒಳಪದರದ ಮೇಲೆ ಬೇರೂರಿದರೆ ಅದನ್ನು ಎಂಡೋಮೆಟ್ರಿಯೋಸಿಸ್ ಎನ್ನುತ್ತಾರೆ.

ಅದು ಅಲ್ಲಿಗೆ ಹೇಗೆ ಹೋಯಿತು? ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟನು. ಮುಟ್ಟಿನ ರಕ್ತದ ಒಂದಂಶ ಹೊರಕ್ಕೆ ಹರಿಯದೆ, ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹೋಗಿ, ಪೊರೆಯ ಕಣಗಳನ್ನು ಅಲ್ಲಿ ಬಿತ್ತುತ್ತದೆ ಎಂಬುದು ಆತನ ವಾದ. ಇಂಥ ಹಿಮ್ಮುಖ ಹರಿವು ಬಹುಪಾಲು ಸ್ತ್ರೀಯರಲ್ಲಿ ಕಂಡುಬರುತ್ತದೆ. ವ್ಯಾಧಿ ಬರುವುದು ಕೆಲವರಿಗೆ ಮಾತ್ರ. ಆದ್ದರಿಂದ ಅನುವಂಶೀಯತೆ, ದೇಹದ ರಕ್ಷಣಾವ್ಯವಸ್ಥೆ ಮೊದಲಾದ ಬೇರೆ ಕಾರಣಗಳೂ ಇದರಲ್ಲಿ ಸೇರಿರಬೇಕೆಂದು ವಿಜ್ಞಾನಿಗಳು ಒಪ್ಪುತ್ತಾರೆ. ಇದು ಯಾರೊಬ್ಬರ ತಪ್ಪಿನಿಂದ ಬರುವ ರೋಗವಲ್ಲ. ಇಂಥದನ್ನು ತಿಂದದ್ದರಿಂದಲೇ ಬಂತೆಂದು ಹೇಳುವುದಕ್ಕೂ ಆಧಾರವಿಲ್ಲ.

ಬೇನೆ ಹುಟ್ಟುವ ಬಗೆ

ಸ್ಥಾನ ತಪ್ಪಿ ಬೆಳೆದ ಈ ಅಂಗಾಂಶ ಸುತ್ತಲೂ ಉರಿಯೂತವನ್ನು ಎಬ್ಬಿಸುತ್ತದೆ. ಕಾಲಕ್ರಮದಲ್ಲಿ ಅಲ್ಲಿ ಗಾಯದ ಕಲೆಯಂಥ ನಾರು ಬೆಳೆದು, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುವುದೂ ಉಂಟು. ಉರಿಯೂತದ ನಡುವೆ ಪ್ರಾಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅಧಿಕವಾಗಿ ತಯಾರಾಗುತ್ತವೆ. ಇವು ಗರ್ಭಾಶಯದ ಸ್ನಾಯುಗಳನ್ನು ಹಿಂಡುತ್ತವೆ. ನರಗಳ ತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಇವುಗಳ ಮೇಲಿನ ಸಂಶೋಧನೆಗಾಗಿ ಬೆರ್ಗ್‌ಸ್ಟ್ರೋಮ್, ಸ್ಯಾಮ್ಯುಯೆಲ್ಸನ್, ವೇನ್ ಎಂಬ ಮೂವರು ವಿಜ್ಞಾನಿಗಳಿಗೆ 1982ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಐಬುಪ್ರೊಫೆನ್, ಮೆಫೆನಮಿಕ್ ಆಮ್ಲ ಮೊದಲಾದ ಗುಳಿಗೆಗಳು ಈ ರಾಸಾಯನಿಕಗಳ ಉತ್ಪತ್ತಿಯನ್ನು ತಡೆದೇ ನೋವನ್ನು ಇಳಿಸುತ್ತವೆ.

ಆಹಾರದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಪ್ರಾಸ್ಟಗ್ಲಾಂಡಿನ್‌ಗಳ ಕಚ್ಚಾವಸ್ತು ನಾವು ತಿನ್ನುವ ಕೊಬ್ಬು. ಒಮೆಗಾ-6 ಜಾತಿಯ ಕೊಬ್ಬಿನಿಂದ ಉರಿಯೂತವನ್ನು ಹೆಚ್ಚಿಸುವಂಥವು ತಯಾರಾಗುತ್ತವೆ. ಒಮೆಗಾ-3 ಜಾತಿಯ ಕೊಬ್ಬಿನಿಂದ ಸೌಮ್ಯವಾದವು. ಎರಡನೆಯದು, ಕೆಲಸ ಮುಗಿಸಿದ ಈಸ್ಟ್ರೊಜನ್ನನ್ನು ಯಕೃತ್ತು ಪಿತ್ತರಸದ ಮೂಲಕ ಕರುಳಿಗೆ ಸಾಗಿಸುತ್ತದೆ. ಕರುಳಿನಲ್ಲಿ ನಾರಿನಂಶ ಸಾಕಷ್ಟಿದ್ದರೆ ಅದು ಮಲದೊಡನೆ ಹೊರಹೋಗುತ್ತದೆ. ಇಲ್ಲದಿದ್ದರೆ ಅದರ ಹೆಚ್ಚಿನ ಭಾಗ ರಕ್ತಕ್ಕೆ ಮರಳುತ್ತದೆ. ಊಟದಿಂದ ಉಪಯೋಗವಾಗಬಹುದೆಂಬ ನಿರೀಕ್ಷೆಗೆ ಈ ಎರಡು ಸಂಗತಿಗಳೇ ಮುಖ್ಯ ಬುನಾದಿ.

ಎರೆನಾಡಿನ ತಟ್ಟೆ

ರೋಣ, ನರಗುಂದಗಳ ಸುತ್ತಲಿನದು ಕಪ್ಪು ಎರೆಭೂಮಿ. ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ, ಮುಂಗಾರಿನ ಹೆಸರು, ಉಳ್ಳಾಗಡ್ಡಿ ಇಲ್ಲಿಯ ಬೆಳೆಗಳು. ಇಲ್ಲಿಯ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತೆಸೊಪ್ಪು, ಹಕ್ಕರಕಿ, ಅಗಸಿ ಅಥವಾ ಶೇಂಗಾ ಹಿಂಡಿ, ಮೊಸರು. ಪೋಷಣಶಾಸ್ತ್ರದ ದೃಷ್ಟಿಯಿಂದ ಈ ತಟ್ಟೆ ಶ್ರೀಮಂತವಾದದ್ದು.

ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ. ಕಾಳು ಸೊಪ್ಪುಗಳಿಂದ ನಾರಿನೊಡನೆ ಕಬ್ಬಿಣ, ಮೆಗ್ನೀಸಿಯಂ ಮೊದಲಾದ ಖನಿಜಗಳೂ ದೊರೆಯುತ್ತವೆ. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಕೊಬ್ಬು. ಮೀನು ತಿನ್ನದ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ಅಗಸಿಯ ಒಮೆಗಾ-3 ನಮ್ಮ ದೇಹದಲ್ಲಿ ಮೀನಿನ ಒಮೆಗಾ-3 ಆಗಿ ಪರಿವರ್ತನೆ ಹೊಂದುವುದು ಅಲ್ಪಪ್ರಮಾಣದಲ್ಲಿ ಮಾತ್ರ ಎಂಬುದನ್ನೂ ನೆನಪಿಡಬೇಕು. ಇಡಿ ಅಗಸಿ ಜೀರ್ಣವಾಗದೆ ಹೊರಹೋಗುವುದರಿಂದ, ಅದನ್ನು ಹುರಿದು ಕುಟ್ಟಿ ಹಿಂಡಿ ಮಾಡುವ ನಮ್ಮ ಹೆಂಗಸರ ರೂಢಿ ಸರಿಯಾದದ್ದು. ಪುಡಿ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳುವುದು ಲೇಸು. ಇಲ್ಲಿಯ ಕುಸುಬಿ ಎಣ್ಣೆಯಲ್ಲಿ ಒಮೆಗಾ-6 ಹೇರಳವಾಗಿದೆ. ಅದನ್ನು ಬಿಡಬೇಕಾಗಿಲ್ಲ, ತಟ್ಟೆಯಲ್ಲಿ ಅಗಸಿಯೂ ಇರಬೇಕು, ಅಷ್ಟೆ.

ಪ್ರಯೋಗಗಳು ಹೇಳುವುದೇನು?

ಯುಕ್ತಿಗೆ ಸರಿಯೆನಿಸಿದ್ದೆಲ್ಲ ಪ್ರಯೋಗದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಪುರಾವೆಗಳನ್ನು ಒಂದೊಂದಾಗಿ ನೋಡೋಣ.

ಅಮೆರಿಕದಲ್ಲಿ 70,000ಕ್ಕೂ ಹೆಚ್ಚು ದಾದಿಯರ ಆಹಾರವನ್ನು 12 ವರ್ಷ ಗಮನಿಸಿ 2010ರಲ್ಲಿ ಒಂದು ವರದಿ ಪ್ರಕಟವಾಯಿತು. ಮೀನಿನಲ್ಲಿರುವಂಥ ಒಮೆಗಾ-3 ಕೊಬ್ಬನ್ನು ಅತಿ ಹೆಚ್ಚು ಸೇವಿಸಿದವರಲ್ಲಿ ಈ ವ್ಯಾಧಿ, ಅತಿ ಕಡಿಮೆ ಸೇವಿಸಿದವರಿಗಿಂತ ನೂರಕ್ಕೆ 22ರಷ್ಟು ಕಡಿಮೆಯಾಗಿಯೂ, ಟ್ರಾನ್ಸ್ ಕೊಬ್ಬನ್ನು ಅತಿ ಹೆಚ್ಚು ತಿಂದವರಲ್ಲಿ ನೂರಕ್ಕೆ 48ರಷ್ಟು ಹೆಚ್ಚಾಗಿಯೂ ಕಂಡುಬಂದಿತು. ವನಸ್ಪತಿಯಲ್ಲಿ ಕರಿದ ತಿಂಡಿಗಳು ಟ್ರಾನ್ಸ್ ಕೊಬ್ಬಿನ ಹಳೆಯ ಮೂಲ. ಎಣ್ಣೆ ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಭಾಗವನ್ನು ಮೀರಕೂಡದೆಂದು ಭಾರತದಲ್ಲಿ 2022ರ ಜನವರಿಯಿಂದ ನಿಯಮವಿದೆ. ಆದರೂ ಇಂಥ ಸಮೀಕ್ಷೆ ಎರಡು ಸಂಗತಿಗಳು ಜೊತೆಯಾಗಿರುವುದನ್ನು ತೋರಿಸುತ್ತದೆಯೇ ಹೊರತು, ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧಪಡಿಸುವುದಿಲ್ಲ.

ಇಟಲಿಯಲ್ಲಿ 207 ರೋಗಿಗಳು ಒಂದು ವರ್ಷ ಗೋಧಿಯ ಅಂಟಿನಂಶವಿಲ್ಲದ ಊಟ ಮಾಡಿದರು; ನೂರಕ್ಕೆ 75 ಮಂದಿಗೆ ನೋವು ಇಳಿಯಿತೆಂದು 2012ರಲ್ಲಿ ವರದಿಯಾಯಿತು. ಆದರೆ ಎಂದಿನ ಊಟವನ್ನೇ ಮಾಡುವ ಇನ್ನೊಂದು ಗುಂಪನ್ನು ಹೋಲಿಕೆಗೆ ಅಲ್ಲಿ ಇಟ್ಟಿರಲಿಲ್ಲ. ಹೋಲಿಕೆಯ ಗುಂಪು ಏಕೆ ಬೇಕೆಂಬುದಕ್ಕೆ 2020ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಪ್ರಯೋಗವೇ ಉತ್ತರ. ಅಲ್ಲಿ 12ರಿಂದ 25 ವರ್ಷದ 69 ರೋಗಿಗಳಿಗೆ ಆರು ತಿಂಗಳು ವಿಟಮಿನ್ ಡಿ, ಮೀನೆಣ್ಣೆ ಅಥವಾ ಔಷಧವಿಲ್ಲದ ಸೋಗಿನ ಗುಳಿಗೆಯನ್ನು ಕೊಟ್ಟರು. ವಿಟಮಿನ್ ಡಿ ತೆಗೆದುಕೊಂಡವರ ನೋವು ಇಳಿಯಿತು. ಸೋಗಿನ ಗುಳಿಗೆಯವರದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು! ಪೇಟೆಯಲ್ಲಿ ದುಬಾರಿ ಬೆಲೆಯ ಶೀಸೆಗಳನ್ನು ಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು.

ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗ ಇವುಗಳಿಗಿಂತ ಆಶಾದಾಯಕವಾಗಿದೆ. ಕೆಲವು ಆಹಾರಗಳಲ್ಲಿರುವ ಸಕ್ಕರೆಯ ಜಾತಿಯ ಅಂಶಗಳು ಸಣ್ಣಕರುಳಿನಲ್ಲಿ ಹೀರಲ್ಪಡದೆ, ದೊಡ್ಡಕರುಳಿನಲ್ಲಿ ಹುದುಗೆದ್ದು ವಾಯು ತುಂಬಿಸುತ್ತವೆ. ಎಂಡೋಮೆಟ್ರಿಯೋಸಿಸ್ ಇರುವವರ ನರಗಳು ಮೊದಲೇ ಸೂಕ್ಷ್ಮವಾಗಿರುವುದರಿಂದ ಈ ಉಬ್ಬರವೂ ಬೇನೆಯಾಗಿ ಪರಿಣಮಿಸುತ್ತದೆ. ಇಂಥ ಅಂಶಗಳು ಕಡಿಮೆಯಿರುವ ಊಟವನ್ನು 28 ದಿನ ಮಾಡಿದಾಗ, 35 ಸ್ತ್ರೀಯರಲ್ಲಿ ನೂರಕ್ಕೆ 60 ಮಂದಿಗೆ ಹೊಟ್ಟೆಯ ತೊಂದರೆಗಳು ಇಳಿದವು; ಹೋಲಿಕೆಯ ಊಟದಿಂದ ಗುಣ ಕಂಡವರು ನೂರಕ್ಕೆ 26 ಮಂದಿ. ಇಳಿದದ್ದು ಕರುಳಿನ ಬಾಧೆ. ವ್ಯಾಧಿಯ ಬೇರು ಇದ್ದಲ್ಲಿಯೇ ಇರುತ್ತದೆ.

ಈ ಫಲವನ್ನು ನಮ್ಮ ತಟ್ಟೆಗೆ ಅನ್ವಯಿಸಿ ನೋಡಿದರೆ ಕುತೂಹಲಕರವಾದ ಸಂಗತಿ ಹೊರಬೀಳುತ್ತದೆ. ಜೋಳ, ಅಕ್ಕಿ, ಬದನೆಕಾಯಿ, ಸೌತೆಕಾಯಿ, ಗಜ್ಜರಿ, ಶೇಂಗಾ ಇವು ಈ ಬಗೆಯಲ್ಲಿ ನಿರುಪದ್ರವಿಗಳು. ಹುದುಗೇಳುವ ಅಂಶ ಹೆಚ್ಚಿರುವುದು ಗೋಧಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾಳುಗಳು ಮತ್ತು ಹಾಲಿನಲ್ಲಿ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿಯುವ ರೂಢಿ ಎಲ್ಲರಿಗೂ ಒಗ್ಗದಿರಬಹುದು. ಹೊಟ್ಟೆ ಉಬ್ಬರಿಸುವವರು ನಾಲ್ಕು ವಾರ ಇವುಗಳನ್ನು ಕಡಿಮೆಮಾಡಿ ನೋಡಿ, ಅನಂತರ ಒಂದೊಂದನ್ನೇ ಮತ್ತೆ ಸೇರಿಸುತ್ತ ತಮಗೆ ಯಾವುದು ಬಾಧಕವೆಂದು ಗುರುತಿಸಬೇಕು. ಕಾಳುಗಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಉಪದ್ರವ ತಗ್ಗುತ್ತದೆ. ಆದರೆ ಸಸ್ಯಾಹಾರಿಗೆ ಕಾಳೇ ಪ್ರೋಟೀನಿನ ಆಧಾರ. ಅದನ್ನು ಶಾಶ್ವತವಾಗಿ ಬಿಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ರಕ್ತಹೀನತೆ ಮತ್ತು ದಿನಚರಿ

ಅತಿಯಾದ ಮುಟ್ಟಿನ ಸ್ರಾವ ಈ ವ್ಯಾಧಿಯ ಜೊತೆಗೂಡುವುದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ನಿತ್ರಾಣವಾದ ದೇಹಕ್ಕೆ ನೋವು ಇನ್ನಷ್ಟು ಭಾರ. ಸೊಪ್ಪು ಕಾಳುಗಳ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿರಲಿ.

ಕಿಬ್ಬೊಟ್ಟೆಗೆ ಬಿಸಿನೀರಿನ ಕಾವು ಕೊಡುವುದು ಸುಲಭವೂ ನಿರಪಾಯವೂ ಆದ ಉಪಾಯ. ಚರ್ಮ ಸುಡದಂತೆ ನಡುವೆ ಬಟ್ಟೆಯಿರಬೇಕು. ನಡಿಗೆ, ಯೋಗಾಸನಗಳು ಹಲವರಿಗೆ ಹಿತವೆನಿಸುತ್ತವೆ. ಬ್ರೆಜಿಲ್ ದೇಶದಲ್ಲಿ 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಎರಡು ತಿಂಗಳು ಯೋಗ ಮಾಡಿದವರ ನೋವು ಕಡಿಮೆಯಾಯಿತು. ಗಜೇಂದ್ರಗಡದಲ್ಲಿ ಮಗ್ಗದ ಮುಂದೆ ಕುಳಿತಿರುವವರಿಗೂ, ಪುಸ್ತಕದ ಮುಂದೆ ಕುಳಿತಿರುವ ವಿದ್ಯಾರ್ಥಿನಿಯರಿಗೂ ದಿನಕ್ಕೆ ಅರ್ಧ ತಾಸಿನ ನಡಿಗೆ ಒಳ್ಳೆಯದು. ಹೊಲದಲ್ಲಿ ಇಡೀ ದಿನ ಬಾಗಿ ದುಡಿಯುವವಳಿಗೆ ಬೇಕಾದದ್ದು ವಿಶ್ರಾಂತಿ ಮತ್ತು ನಿದ್ದೆ. ಒಂದೇ ಉಪದೇಶವನ್ನು ಇಬ್ಬರಿಗೂ ಕೊಡಲಾಗದು.

ವೈದ್ಯರ ಬಳಿಗೆ ಯಾವಾಗ?

ಆಹಾರ ಬೇನೆಯನ್ನು ಹಗುರ ಮಾಡಬಹುದು. ಬೇರೂರಿದ ಅಂಗಾಂಶವನ್ನು ಕರಗಿಸಲಾರದು. ಅನೇಕ ದೇಶಗಳಲ್ಲಿ ಲಕ್ಷಣಗಳು ತಲೆದೋರಿದ ಮೇಲೆ ರೋಗ ಇಂಥದೆಂದು ಗೊತ್ತಾಗಲು 4ರಿಂದ 12 ವರ್ಷ ಹಿಡಿಯುತ್ತಿದೆ. ಮನೆಮದ್ದಿನ ಭರವಸೆಯಲ್ಲಿ ಈ ಅವಧಿ ಇನ್ನಷ್ಟು ಬೆಳೆಯಬಾರದು. ಗುಳಿಗೆಗೆ ಬಗ್ಗದ ನೋವು, ಮುಟ್ಟಿನಲ್ಲಿ ಮಲಮೂತ್ರ ವಿಸರ್ಜಿಸುವಾಗ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆಯ ಬೇನೆ, ದಾಂಪತ್ಯದಲ್ಲಿ ನೋವು, ಮಕ್ಕಳಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಅಗತ್ಯ. ಮೂರು ತಿಂಗಳು ನೋವಿನ ದಿನ, ತೀವ್ರತೆ, ಊಟ, ತೆಗೆದುಕೊಂಡ ಗುಳಿಗೆ ಇವನ್ನು ವಹಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಬಹಳ ನೆರವಾಗುತ್ತದೆ. ಆದರೆ ನೋವು ತೀವ್ರವಾಗಿದ್ದರೆ ವಹಿ ತುಂಬುವವರೆಗೆ ಕಾಯಬೇಕಾಗಿಲ್ಲ.

ಹಿಂದೆ ಹೊಟ್ಟೆಯೊಳಗೆ ದರ್ಶಕನಳಿಗೆಯನ್ನು ತೂರಿಸಿ ನೋಡಿದ ಹೊರತು ಈ ರೋಗವನ್ನು ನಿಶ್ಚಯಿಸುತ್ತಿರಲಿಲ್ಲ. ಈಗ ಲಕ್ಷಣಗಳ ಮೇಲೆಯೂ ಸ್ಕ್ಯಾನಿಂಗಿನ ಮೇಲೆಯೂ ಚಿಕಿತ್ಸೆಯನ್ನು ಆರಂಭಿಸಬಹುದೆಂದು ಯುರೋಪಿನ ತಜ್ಞರು 2022ರಲ್ಲಿ ಸೂಚಿಸಿದ್ದಾರೆ. ನೋವುನಿವಾರಕಗಳು, ಹಾರ್ಮೋನು ಗುಳಿಗೆಗಳು, ಅಗತ್ಯಬಿದ್ದಲ್ಲಿ ಶಸ್ತ್ರಕ್ರಿಯೆ, ಇವು ಚಿಕಿತ್ಸೆಯ ಮೆಟ್ಟಿಲುಗಳು. ರೋಗವನ್ನು ಪೂರ್ತಿ ಅಳಿಸುವ ಮದ್ದು ಇನ್ನೂ ದೊರೆತಿಲ್ಲ. ಬೇನೆಯನ್ನು ಹತೋಟಿಯಲ್ಲಿಡುವ ಮದ್ದುಗಳು ಇವೆ. ಲಗ್ನವನ್ನಾಗಲಿ ಬಸಿರನ್ನಾಗಲಿ ಚಿಕಿತ್ಸೆಯೆಂದು ಯಾವ ವೈದ್ಯಶಾಸ್ತ್ರವೂ ಈಗ ವಿಧಿಸುವುದಿಲ್ಲ. ರೋಣ, ನರಗುಂದಗಳ ಸರಕಾರಿ ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಅವಶ್ಯವಿದ್ದರೆ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬಹುದು.

ವಿದ್ಯಾರ್ಥಿಗಳು ಈ ವಿಷಯವನ್ನು ನಾಚಿಕೆಯಿಲ್ಲದೆ ಓದಿ, ಮನೆಯಲ್ಲಿ ತಿಳಿಯಹೇಳಬೇಕು. ಗೆಳತಿಯೋ ತಂಗಿಯೋ ತಿಂಗಳಿಗೆ ಮೂರು ದಿನ ತರಗತಿ ತಪ್ಪಿಸುತ್ತಿದ್ದರೆ, ಅದನ್ನು ಸೋಮಾರಿತನವೆಂದು ಬಗೆಯದೆ ಕಾರಣವನ್ನು ವಿಚಾರಿಸಬೇಕು. ಅವಳ ತಟ್ಟೆಗೆ ರೊಟ್ಟಿ, ಪಲ್ಯ, ಅಗಸಿ ಹಿಂಡಿ ಬೀಳಲಿ. ಅದರೊಡನೆ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯುವ ಕೆಲಸವೂ ತಡವಿಲ್ಲದೆ ನಡೆಯಲಿ.