ಅನ್ಯದೇಶ್ಯ ಮತ್ಸ್ಯಗಳು

ಕನ್ನಡ ವ್ಯಾಕರಣವನ್ನು ಓದಿದವರಿಗೆಲ್ಲ ದೇಶ್ಯ, ಅನ್ಯದೇಶ್ಯವೆಂಬ ಶಬ್ದವಿಭಾಗಗಳು ಪರಿಚಿತವಾದುವೇ. ಕುರ್ಚಿ, ಮೇಜು, ರಸ್ತೆ ಮೊದಲಾದ ಶಬ್ದಗಳು ಹೊರಗಿನಿಂದ ಬಂದು ನಮ್ಮ ನುಡಿಯಲ್ಲಿ ನೆಲೆಸಿವೆ. ಅವುಗಳಿಂದ ಕನ್ನಡದ ಭಂಡಾರವು ಹಿಗ್ಗಿದೆ. ಈ ವಿಭಾಗವನ್ನು ಪ್ರಾಣಿಲೋಕಕ್ಕೂ ಅನ್ವಯಿಸಬಹುದು. ಆದರೆ ಅಲ್ಲಿ ಫಲ ಬೇರೆ. ಶಬ್ದಕ್ಕೆ ಹಸಿವಿಲ್ಲ, ಪ್ರಾಣಿಗೆ ಉಂಟು. ಕೆರೆಯ ಆಹಾರಕ್ಕೂ ಹೊಳೆಯ ಮಡುವಿಗೂ ಮಿತಿಯುಂಟು. ಬಂದವನು ಬಲಿಷ್ಠನಾದರೆ ಇದ್ದವನು ಎಡೆಬಿಡಬೇಕಾಗುತ್ತದೆ.

ಇಂತಹ ಜೀವಿಗಳಲ್ಲಿ ಅನೇಕವನ್ನು ತಂದವರು ಮನುಷ್ಯರೇ, ಅದೂ ಸದುದ್ದೇಶದಿಂದ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಗ್ಯಾಂಬೂಸಿಯಾ ಮೀನನ್ನು ಭಾರತಕ್ಕೆ ತಂದರು. ಅದು ಸೊಳ್ಳೆಮರಿಗಳೊಡನೆ ಸ್ಥಳೀಯ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. ಸುಲಭವಾಗಿ ಆಹಾರ ದೊರೆಯಲೆಂದು 1952ರಲ್ಲಿ ಆಫ್ರಿಕ ಮೂಲದ ತಿಲಾಪಿಯಾ ಬಂದಿತು. ಜನರು ಜಿಲೇಬಿ ಮೀನೆಂದು ಕರೆಯುವ ಅದು ಇಂದು ನಮ್ಮ ಕೆರೆಗಳಲ್ಲಿ ತಾನೇ ತಾನಾಗಿ ಹಬ್ಬಿದೆ.

ಅನ್ಯದೇಶ್ಯವೆಂದರೆ ಕಡಲಾಚೆಯದೇ ಆಗಬೇಕೆಂದಿಲ್ಲ. ನೆರೆಯ ನದಿಯದಾದರೂ ಸಾಕು. ಇದಕ್ಕೆ ಕಾವೇರಿಯೇ ಸಾಕ್ಷಿ. ಈ ನದಿಯಲ್ಲಿ ಮಾತ್ರ ವಾಸಿಸುವ ಗೂನುಬೆನ್ನಿನ ಮಹಶೀರ್ 50 ಕಿಲೋಗ್ರಾಂಗೂ ಮಿಕ್ಕಿ ಬೆಳೆಯಬಲ್ಲ ಮತ್ಸ್ಯರಾಜ. ಮಹಶೀರ್ ಸಂತತಿ ಕ್ಷೀಣಿಸುತ್ತಿದೆಯೆಂಬ ಕಳವಳದಿಂದ, 1970ರ ದಶಕದಿಂದೀಚೆಗೆ, ಮಹಾರಾಷ್ಟ್ರದ ಲೋಣಾವಳದಲ್ಲಿ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ಹಲವು ನದಿಗಳಿಗೆ ಬಿಡಲಾಯಿತು. ಅದು ಕೃಷ್ಣಾ ಕಣಿವೆಯ ಮೀನು, ಕಾವೇರಿಗೆ ಹೊರಗಿನದು. 1998ರಿಂದ 2012ರವರೆಗೆ, ಗಾಳಹಾಕಿ ಹಿಡಿದು ಮರಳಿ ನೀರಿಗೆ ಬಿಡುತ್ತಿದ್ದವರ ಲೆಕ್ಕಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಹೊಸ ಮೀನು ಏರುತ್ತ, ಮೂಲನಿವಾಸಿ ಇಳಿಯುತ್ತ ಬಂದುದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ಮೂಲನಿವಾಸಿಗೆ ಕಂಟಕಗಳೇ. ಆದರೆ ರಕ್ಷಣೆಯ ಹೆಸರಿನಲ್ಲಿ ಬಂದ ಈ ಕಂಟಕವೇ ಹೆಚ್ಚು ಶೋಚನೀಯ.

ಇನ್ನೊಂದು ವಿಷಾದದ ಸಂಗತಿಯಿದೆ. ಗೂನುಬೆನ್ನಿನ ಈ ಮೀನಿಗೆ ಟಾರ್ ರೆಮದೇವಿ ಎಂಬ ಶಾಸ್ತ್ರೀಯ ನಾಮವು ಸಲ್ಲುತ್ತದೆಂದು ನಿಶ್ಚಯವಾದದ್ದು 2018ರಲ್ಲಿ. ತೀವ್ರ ವಿನಾಶದ ಅಂಚಿನ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ನಾಮಕರಣವೂ ಮರಣಭೀತಿಯೂ ಒಟ್ಟಿಗೆ ಬಂದವು! ಹೆಸರಿನ ಭೇದವನ್ನು ಮೊದಲೇ ಅರಿತಿದ್ದರೆ, ಎಲ್ಲವೂ ಮಹಶೀರೇ ಎಂದು ಒಂದರ ಮನೆಗೆ ಇನ್ನೊಂದನ್ನು ಕಳುಹಿಸುವ ಪ್ರಮಾದ ತಪ್ಪುತ್ತಿತ್ತೇನೋ.

ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆ ಬೇಕೆಂದು ಹಿರಿಯರು ಹೇಳುತ್ತಾರೆ. ದಾನಿಗಳ ಆಶ್ರಯದಲ್ಲಿ ಬೆಳೆದ ವಿದ್ಯಾಲಯದವರಾದ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ನದಿಗೆ ಮೀನನ್ನು ಕೊಡುವುದೂ ಒಂದು ದಾನವೇ. ಅಲ್ಲಿ ದೇಶವಿವೇಚನೆ ತಪ್ಪಿತು. ಗಾಜಿನ ತೊಟ್ಟಿಯಲ್ಲಿ ಸಾಕಿದ ಬಣ್ಣದ ಮೀನು ಬೇಡವಾದಾಗ, ಪುಣ್ಯವೆಂದು ಬಗೆದು ಊರ ಕೆರೆಗೆ ಬಿಡುವ ಬಾಲಕನಿಗೆ ಅಧ್ಯಾಪಕರು ಇಷ್ಟನ್ನಾದರೂ ತಿಳಿಹೇಳಲಿ: ಕರುಣೆಗೆ ಅರಿವು ಜೊತೆಯಾಗದಿದ್ದರೆ, ಒಂದು ಜೀವವನ್ನು ಉಳಿಸಿದ ಕೈಯೇ ಒಂದು ಕುಲವನ್ನು ಅಳಿಸೀತು.