ಫಿಲ್ಟರ್ ನೀರಿನ ಹಿಂಬದಿಯ ಸವಳು

ಡೋಣಿ ಬೆಳೆದರೆ ಓಣಿ ತುಂಬ ಕಾಳು ಎನ್ನುತ್ತಾರೆ ವಿಜಯಪುರ ಜಿಲ್ಲೆಯಲ್ಲಿ. ಜೋಳ ಕೊಡುವ ಅದೇ ಡೋಣಿಯ ನೀರನ್ನು ಮಾತ್ರ ಬಾಯಿಗೆ ಹಾಕುವಂತಿಲ್ಲ, ಅಷ್ಟು ಸವಳು. ಬಸವನ ಬಾಗೇವಾಡಿ, ತಾಳಿಕೋಟಿ ಸೀಮೆಯನ್ನು ಹಾದು ಕೃಷ್ಣೆ ಸೇರುವ ಈ ನದಿಯ ಆಸುಪಾಸಿನಲ್ಲಿ ಬೋರು ಕೊರೆದರೂ ಹಲವೆಡೆ ಬರುವುದು ಅದೇ ರುಚಿಯ ನೀರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಗೂ ಸವಳು, ಫ್ಲೋರೈಡ್ ಹೊಸ ಮಾತಲ್ಲ.

2013ರ ನಂತರ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ತುಂಬ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದವು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಬೇಳೆ ಬೇಗ ಬೇಯುತ್ತದೆ, ಜನರಿಗೆ ಇನ್ನೇನು ಬೇಕು? ಕಡಲ ನೀರನ್ನು ಸಿಹಿ ಮಾಡುವ ದೊಡ್ಡ ಸ್ಥಾವರಗಳ ಆರ್‌ಒ ತಂತ್ರವೇ ಇಲ್ಲಿಯೂ ಇದೆ. ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ತಳ್ಳಿದರೆ ಉಪ್ಪು ಆಚೆ ಉಳಿಯುತ್ತದೆ.

ಆಚೆ ಉಳಿದದ್ದು ಎಲ್ಲಿಗೆ ಹೋಯಿತು? ಲೀಟರಿಗೆ 2 ಗ್ರಾಂ ಲವಣವಿರುವ ಬೋರಿನ ನೀರಿನಲ್ಲಿ ಅರ್ಧ ಶುದ್ಧವಾಗಿ ಬಂತೆನ್ನಿ. ಉಳಿದರ್ಧದಲ್ಲಿ ಲೀಟರಿಗೆ ಸುಮಾರು 4 ಗ್ರಾಂ. ತಾಸಿಗೆ 1,000 ಲೀಟರ್ ಕೊಡುವ ಘಟಕ ದಿನಕ್ಕೆ 6 ತಾಸು ನಡೆದರೆ ಹೊರಬೀಳುವ ಲವಣ 24 ಕಿಲೋ, ವರ್ಷಕ್ಕೆ 8 ಟನ್ನಿಗೂ ಹೆಚ್ಚು. ಇಷ್ಟೂ ಒಂದೇ ಪೈಪಿನಿಂದ ಗಟಾರಕ್ಕೆ ಅಥವಾ ಹಳ್ಳಕ್ಕೆ ಇಳಿಯುತ್ತದೆ.

ಕಡಲ ನೀರನ್ನು ಸಿಹಿ ಮಾಡುವ ಚೆನ್ನೈ ಹತ್ತಿರದ ಮೀಂಜೂರು ಸ್ಥಾವರಕ್ಕೆ ಉಪ್ಪುನೀರು ಬಿಡಲು ಬಂಗಾಳ ಕೊಲ್ಲಿಯಾದರೂ ಇದೆ. ಅಲ್ಲೂ ಮೀನುಗಾರರ ತಕರಾರು ತಪ್ಪಿಲ್ಲ. ಜಗತ್ತಿನ ಸುಮಾರು 16 ಸಾವಿರ ಸ್ಥಾವರಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಟ್ಟು 14.2 ಕೋಟಿ ಘನ ಮೀಟರ್ ಗಟ್ಟಿ ಉಪ್ಪುನೀರು ಹೊರಬಿಡುತ್ತವೆ ಎಂದು ವಿಶ್ವಸಂಸ್ಥೆ ವಿಶ್ವವಿದ್ಯಾಲಯದ 2019ರ ಅಧ್ಯಯನ ಲೆಕ್ಕ ಹಾಕಿತ್ತು. ನಮ್ಮ ಎರೆ ನಾಡಿಗೆ ಕಡಲಿಲ್ಲ. ಇಲ್ಲಿ ಬಿಟ್ಟದ್ದು ಇಲ್ಲಿಯೇ ಇಂಗಿ ಮತ್ತೆ ಬೋರಿಗೆ ಬರಬೇಕು, ಇಲ್ಲವೇ ಹೊಲದಲ್ಲಿ ಉಳಿಯಬೇಕು. ಸೋಡಿಯಂ ಸೇರಿದ ಎರೆಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಹೆಂಟೆಗಟ್ಟಿ, ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಳಿಜೋಳ ಸ್ವಲ್ಪ ತಾಳಿಕೊಂಡೀತು. ಇಂಡಿಯ ಲಿಂಬೆ ತಾಳದು, ಲಿಂಬೆಯ ಜಾತಿಯೇ ಉಪ್ಪಿಗೆ ಹೆದರುವಂಥದ್ದು. ಹೇಗೂ ಹರಿದು ಹೋಗುತ್ತದೆಂದು ಘಟಕ ಹೊರಬಿಟ್ಟ ನೀರನ್ನು ದನಗಳಿಗೆ ಕುಡಿಸುವುದೂ ಅಪಾಯವಾದೀತು. ಮೂಲ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದೂ ದುಪ್ಪಟ್ಟಾಗಿ ಹಲ್ಲು, ಮೂಳೆಗೆ ಕೂರುತ್ತದೆ.

ಹಾಗೆಂದು ಘಟಕ ಮುಚ್ಚಿ ಜನರಿಗೆ ಸವಳು ಕುಡಿಸುವುದೂ ನ್ಯಾಯವಲ್ಲ. ಆದರೆ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಬೇಡವೆಂದು 2019ರಲ್ಲಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ನೀರು ಬಹುಗ್ರಾಮ ಯೋಜನೆಯಿಂದ ಊರಿಗೆ ಬಂದಿದ್ದರೆ, ಅದಕ್ಕೆ ಮರಳು ಸೋಸುವಿಕೆ ಮತ್ತು ಕ್ಲೋರಿನ್ ಸಾಕು. ಅಂಥ ನೀರಿಗೂ ಆರ್‌ಒ ಹಚ್ಚಿ ಅರ್ಧ ಚೆಲ್ಲುವುದು ಬರಗಾಲದ ನಾಡಿನಲ್ಲಿ ದುಂದೇ ಸರಿ. ನದಿ ನೀರು ಮುಟ್ಟದ ಊರುಗಳಿಗಷ್ಟೇ ಘಟಕ ಉಳಿಯಲಿ. ಅಲ್ಲಿ ಹೊರಬಿಡುವ ನೀರು ಶೌಚಾಲಯಕ್ಕೆ, ನೆಲ ತೊಳೆಯಲು ಬಳಕೆಯಾಗಿ, ಮಿಕ್ಕಿದ್ದು ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಆರಲಿ. ತಳದಲ್ಲಿ ಕೂತ ಉಪ್ಪನ್ನು ಬಾಚಿ ಸುರಕ್ಷಿತವಾಗಿ ಸಾಗಿಸುವ ಹೊಣೆಯನ್ನು ನಿರ್ವಹಣಾ ಗುತ್ತಿಗೆಯಲ್ಲಿಯೇ ಬರೆಯಬೇಕು.

ಮುಂದಿನ ಸಲ ಕ್ಯಾನ್ ಹಿಡಿದು ಹೋದಾಗ ಘಟಕದ ಹಿಂಬದಿಗೂ ಹೋಗಿ, ಪೈಪು ಎಲ್ಲಿ ಬಿಟ್ಟಿದ್ದಾರೆ ನೋಡಿ. ಗ್ರಾಮಸಭೆಯಲ್ಲಿ ಅದನ್ನು ಕೇಳಿ.